ನಿಷೇಧಾಜ್ಞೆಯ ಪ್ರತಿ ಕೈಗೆ ಬಂದರೆ ಮೊದಲು ಏನು ನೋಡಬೇಕು? ದಾವಣಗೆರೆ–ಚಿತ್ರದುರ್ಗದವರ ಚರ್ಚೆ

ಕೊನೇ ಭಾಗದ ರೈತ, ಮಲೆಬೆನ್ನೂರು ಕಡೆ

ಬೇಸಿಗೆ ಬೆಳೆಗೆ ಭದ್ರಾ ಬಲದಂಡೆ ನಾಲೆಗೆ ನೀರು ಬಿಟ್ಟಾಗ ಮೇಲ್ಭಾಗದಲ್ಲಿ ಅಕ್ರಮ ಪಂಪ್‌ಸೆಟ್ ಹಚ್ಚಿ ಎಳೀತಾರೆ, ಕೊನೇ ಭಾಗಕ್ಕೆ ನೀರು ಮುಟ್ಟಲ್ಲ. ಆಗ ನಾಲೆ ದಂಡೆ ಉದ್ದಕ್ಕೂ ನಿಷೇಧಾಜ್ಞೆ ಹಾಕ್ತಾರೆ. ಹಳೇ ಹೆಸರು ಸಿಆರ್‌ಪಿಸಿ 144, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) 163. ಕೊನೇ ಭಾಗದವರಿಗೆ ಆ ಆದೇಶ ಬೇಕೇ ಬೇಕು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಅದೇ ಕಾಗದ ಹಿಡ್ಕಂಡು, ನೀರಿನ ಸರದಿ ಬಗ್ಗೆ ಮಾತಾಡಾಕೆ ನಾಲೆ ಹತ್ರ ಸೇರಿದ ರೈತರನ್ನೂ ಎಬ್ಬಿಸಬಹುದಾ? ಪಂಪ್‌ಸೆಟ್ ಎತ್ಕಂಡು ಹೋಗಬಹುದಾ? ಎಷ್ಟು ದಿನ ನಡೀತೈತೆ? ಕಾನೂನು ಗೊತ್ತಿರೋರು ಸೆಕ್ಷನ್ ಸಮೇತ ಬಿಡಿಸಿ ಹೇಳಿ.

ವಕೀಲೆ, ಪಿ.ಜೆ. ಬಡಾವಣೆ

ಮೊದಲು ಆದೇಶದ ಪ್ರತಿ ಕೈಗೆ ತೆಗೆದುಕೊಳ್ಳಿ. ಪತ್ರಿಕೆಯಲ್ಲಿ ಬಂದ ನಾಲ್ಕು ಸಾಲು ಆದೇಶವಲ್ಲ, ಠಾಣೆಯವರು ಬಾಯಲ್ಲಿ ಹೇಳಿದ್ದೂ ಆದೇಶವಲ್ಲ. 163(1) ಕೇಳುವುದು ಲಿಖಿತ ಆದೇಶ, ಅದರಲ್ಲಿ ಪ್ರಕರಣದ ಮುಖ್ಯ ಸಂಗತಿಗಳು ಇರಬೇಕು. ಪ್ರತಿ ಬಂದ ಮೇಲೆ ಈ ಕ್ರಮದಲ್ಲಿ ಓದಿ.

ಸಹಿ ಯಾರದು? ಜಿಲ್ಲಾ ದಂಡಾಧಿಕಾರಿ (ಅಂದರೆ ಡಿಸಿ), ಉಪವಿಭಾಗ ದಂಡಾಧಿಕಾರಿ, ಇಲ್ಲವೇ ಸರ್ಕಾರ ವಿಶೇಷವಾಗಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿ ಮಾತ್ರ ಇದನ್ನು ಹೊರಡಿಸಬಹುದು. ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಪೊಲೀಸ್ ಕಮಿಷನರೇಟ್ ಇಲ್ಲ. ಹಾಗಾಗಿ ಎಸ್‌ಪಿ ಕೋರಿಕೆ ಕಳಿಸಬಹುದೇ ಹೊರತು ತಾವೇ ನಿಷೇಧಾಜ್ಞೆ ಹಾಕುವಂತಿಲ್ಲ. ತಹಶೀಲ್ದಾರರ ಸಹಿ ಇದ್ದರೆ ಅವರಿಗೆ ಅಧಿಕಾರ ಕೊಟ್ಟ ಅಧಿಸೂಚನೆ ಯಾವುದು ಎಂದು ಕೇಳಬೇಕು.

ಜಾಗ ಯಾವುದು? ಆದೇಶ ಒಬ್ಬ ನಿರ್ದಿಷ್ಟ ವ್ಯಕ್ತಿಗೆ ಇರಬಹುದು, ಒಂದು ಪ್ರದೇಶದ ನಿವಾಸಿಗಳಿಗೆ ಇರಬಹುದು, ಅಥವಾ ಒಂದು ಜಾಗಕ್ಕೆ ಬಂದು ಹೋಗುವ ಸಾರ್ವಜನಿಕರಿಗೆ ಇರಬಹುದು. ನಾಲೆ ವಿಚಾರದಲ್ಲಿ ಎಲ್ಲಿಂದ ಎಲ್ಲಿಯವರೆಗೆ, ದಂಡೆಯಿಂದ ಎಷ್ಟು ಮೀಟರ್ ಎಂದು ಬರೆದಿರಬೇಕು. ಇನ್ನೊಂದು ವಿಷಯ: ನಾಲೆ ನಮ್ಮ ಜಿಲ್ಲೆಗೆ ಬರುವ ಮೊದಲು ಶಿವಮೊಗ್ಗ ಜಿಲ್ಲೆ ದಾಟಿ ಬರುತ್ತದೆ. ದಾವಣಗೆರೆ ಡಿಸಿ ಆದೇಶ ದಾವಣಗೆರೆ ಜಿಲ್ಲೆಯ ಗಡಿಗೆ ನಿಲ್ಲುತ್ತದೆ. ಆಚೆಗೆ ಅಲ್ಲಿನ ಡಿಸಿಯೇ ಬೇರೆ ಆದೇಶ ಹೊರಡಿಸಬೇಕು. ನೀರು ಮೇಲ್ಭಾಗದಲ್ಲಿ ಸೋರುತ್ತಿದ್ದರೆ ಇಲ್ಲಿ ಹಾಕಿದ ನಿಷೇಧಾಜ್ಞೆಯಿಂದ ನಿಮಗೆ ಹನಿ ನೀರೂ ಹೆಚ್ಚಾಗುವುದಿಲ್ಲ.

ಏನನ್ನು ನಿಷೇಧಿಸಿದೆ? "ನಾಲೆಗೆ ಪಂಪ್ ಹಚ್ಚುವುದು, ಪೈಪ್ ಇಳಿಸುವುದು, ತೂಬಿಗೆ ಕೈ ಹಾಕುವುದು" ಎಂದಿದ್ದರೆ ಅಷ್ಟೇ ನಿಷಿದ್ಧ. ಐದು ಜನ ಸೇರುವುದನ್ನು ಅದರಲ್ಲಿ ನಿಷೇಧಿಸದಿದ್ದರೆ ಸಭೆ ಎಬ್ಬಿಸಲು ಆ ಕಾಗದ ಸಾಲದು.

ಎಷ್ಟು ದಿನ? ದಂಡಾಧಿಕಾರಿಯ ಆದೇಶಕ್ಕೆ ಗರಿಷ್ಠ 2 ತಿಂಗಳು. ಆಮೇಲೆ ಮುಂದುವರಿಸಬೇಕಾದರೆ ರಾಜ್ಯ ಸರ್ಕಾರವೇ ಅಧಿಸೂಚನೆ ಹೊರಡಿಸಬೇಕು. ಅದೂ ಮೂಲ ಆದೇಶ ಮುಗಿಯುತ್ತಿದ್ದ ದಿನದಿಂದ 6 ತಿಂಗಳು ದಾಟುವಂತಿಲ್ಲ. ನಾಲೆಯ ಆದೇಶ ನೀರು ಹರಿಯುವ ದಿನಗಳಿಗೆ ಮಾತ್ರ ಇರಬೇಕು. ನೀರು ನಿಂತ ಮೇಲೂ ಜಾರಿಯಲ್ಲಿದ್ದರೆ ಅದಕ್ಕೆ ಕಾರಣವೇ ಉಳಿದಿಲ್ಲ ಎಂದು ವಾದಿಸಬಹುದು.

ನಿವೃತ್ತ ಶಿರಸ್ತೇದಾರ, ದಾವಣಗೆರೆ

ಮೇಡಂ ಹೇಳಿದ್ದು ಸರಿ ಇದೆ. ಕಚೇರಿ ಒಳಗೆ ಇದು ಹೇಗೆ ತಯಾರಾಗುತ್ತದೆ ಅಂತ ಹೇಳ್ತೀನಿ, ಆಗ ತಪ್ಪು ಎಲ್ಲಿ ಹುಡುಕಬೇಕು ಅಂತ ತಿಳಿಯುತ್ತೆ.

ಆದೇಶ "ನಡಾವಳಿಗಳು" ಅಂತ ಶುರುವಾಗುತ್ತೆ. ಕೆಳಗೆ "ಓದಲಾಗಿದೆ" ಅಂತ ಪತ್ರಗಳ ಪಟ್ಟಿ: ಎಸ್‌ಪಿ ಪತ್ರ, ನೀರಾವರಿ ಇಲಾಖೆ ಕಾರ್ಯಪಾಲಕ ಇಂಜಿನಿಯರ್ ಪತ್ರ, ಅವುಗಳ ಸಂಖ್ಯೆ, ದಿನಾಂಕ. ಆಮೇಲೆ "ಪ್ರಸ್ತಾವನೆ", ಕೊನೆಗೆ "ಆದೇಶ". ತಪ್ಪು ಹೆಚ್ಚಾಗಿ ಆಗೋದು ಪ್ರಸ್ತಾವನೆಯಲ್ಲಿ. ಹೋದ ವರ್ಷದ ಕಡತ ತೆಗೆದು ದಿನಾಂಕ ಬದಲಿಸಿ ಇಟ್ಟರೆ ಸಂಗತಿಗಳು ಹಳೆಯವೇ ಉಳಿಯುತ್ತವೆ. "ಓದಲಾಗಿದೆ" ಪಟ್ಟಿಯ ಪತ್ರದ ದಿನಾಂಕ ಆದೇಶಕ್ಕಿಂತ ತಿಂಗಳು ಹಿಂದಿನದಾಗಿದ್ದರೆ "ತುರ್ತು" ಅನ್ನೋ ಮಾತು ಅಲ್ಲೇ ಬಿದ್ದುಹೋಗುತ್ತೆ. ತಿಂಗಳು ಕಾದ ವಿಷಯಕ್ಕೆ ನೋಟಿಸ್ ಕೊಡದೆ ಏಕಪಕ್ಷೀಯ ಆದೇಶ ಯಾಕೆ ಬೇಕಾಯ್ತು? 163(2)ರಲ್ಲಿ ಏಕಪಕ್ಷೀಯ ಆದೇಶಕ್ಕೆ ಅವಕಾಶ ಇರೋದು ತುರ್ತು ಇದ್ದಾಗ, ಅಥವಾ ನೋಟಿಸ್ ತಲುಪಿಸೋಕೆ ಸಮಯ ಸಾಲದಿದ್ದಾಗ ಮಾತ್ರ.

ಎರಡನೇ ತಪ್ಪು, ಪೊಲೀಸ್ ವರದಿಯ ಮಾತನ್ನೇ ನಕಲು ಮಾಡಿ ಕೆಳಗೆ ಸಹಿ ಹಾಕೋದು. ಮೂರನೇದು ಪ್ರಚಾರ. 153ರ ಪ್ರಕಾರ ಸಾಧ್ಯವಿದ್ದರೆ ಸಮನ್ಸ್ ರೀತಿ ಜಾರಿ ಮಾಡಬೇಕು, ಇಲ್ಲದಿದ್ದರೆ ಸಾರಿ ಹೇಳಿ ಜನರಿಗೆ ಕಾಣೋ ಕಡೆ ಪ್ರತಿ ಅಂಟಿಸಬೇಕು. ನಾಲೆ ಊರುಗಳಲ್ಲಿ ಗ್ರಾಮ ಪಂಚಾಯಿತಿ ಗೋಡೆ, ನಾಡಕಚೇರಿ, ಸೊಸೈಟಿ ಮುಂದೆ ಅಂಟಿಸಬೇಕು. ಡಿಸಿ ಕಚೇರಿ ಫಲಕಕ್ಕೆ ಮಾತ್ರ ಹಚ್ಚಿದರೆ ರೈತರಿಗೆ ಗೊತ್ತಾಗೋದು ಹೇಗೆ?

ಆದ್ರೆ ಒಂದು ಮಾತು. ಗಲಾಟೆ ಶುರುವಾದ ರಾತ್ರಿ 11 ಗಂಟೆಗೆ ಡಿಸಿ ಕೂತು ನಾಲ್ಕು ಪುಟ ಕಾರಣ ಬರೆಯಲಿ ಅಂದರೆ ಅದು ನಡೆಯೋ ಮಾತಲ್ಲ. ಕೆಲವು ಆದೇಶ ಅರ್ಧ ಗಂಟೆಯಲ್ಲಿ ಹೊರಡಲೇಬೇಕು.

ವಕೀಲೆ, ಪಿ.ಜೆ. ಬಡಾವಣೆ

ಸರ್, ಅರ್ಧ ಗಂಟೆಯಲ್ಲಿ ಹೊರಡಲಿ, ತಕರಾರಿಲ್ಲ. ಆದರೆ ಆ ಆದೇಶ 48 ಗಂಟೆಗೆ ಮಾತ್ರ ಇರಲಿ. ಆತುರದಲ್ಲಿ ಬರೆದದ್ದನ್ನು 2 ತಿಂಗಳು ಎಳೆಯುವುದಕ್ಕೆ ನನ್ನ ವಿರೋಧ. ರಾತ್ರಿ ನಾಲ್ಕು ಸಾಲು ಬರೆದಿದ್ದರೆ ಎರಡು ದಿನದೊಳಗೆ ನಾಲ್ಕು ಪುಟ ಬರೆದು ಹೊಸ ಆದೇಶ ಮಾಡಬಹುದಲ್ಲ.

ಕಾರಣಗಳ ಬಗ್ಗೆ ನಮ್ಮ ಹೈಕೋರ್ಟೇ ಸ್ಪಷ್ಟವಾಗಿ ಹೇಳಿದೆ. 2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧದ ಪ್ರತಿಭಟನೆ ವೇಳೆ ಬೆಂಗಳೂರಿನಲ್ಲಿ ಹಾಕಿದ್ದ 144 ಆದೇಶವನ್ನು ಸೌಮ್ಯಾ ರೆಡ್ಡಿ ಪ್ರಕರಣದಲ್ಲಿ 2020ರ ಫೆಬ್ರವರಿಯಲ್ಲಿ ಕಾನೂನುಬಾಹಿರ ಎಂದು ತೀರ್ಪು ಕೊಟ್ಟರು. ಡಿಸಿಪಿಗಳ ವರದಿ ಇತ್ತು. ಆದರೆ ಆದೇಶ ಹೊರಡಿಸಿದ ಅಧಿಕಾರಿ ತಾನೇ ಪರಿಶೀಲಿಸಿ ಅಭಿಪ್ರಾಯಕ್ಕೆ ಬಂದದ್ದು ಆದೇಶದಲ್ಲಿ ಕಾಣಲಿಲ್ಲ. ಅದಕ್ಕೂ ಮೊದಲು 2020ರ ಜನವರಿ 10ರಂದು ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ನಾಲೆಗೂ ಹಚ್ಚಿ ನೋಡಬಹುದು: ಆದೇಶವನ್ನು ಪ್ರಕಟಿಸಬೇಕು, ಸಂಗತಿಗಳನ್ನು ಬರೆಯಬೇಕು, ಅತಿ ಕಡಿಮೆ ನಿರ್ಬಂಧದ ದಾರಿ ಆರಿಸಬೇಕು, ಒಂದು ಮುಗಿದ ಮೇಲೆ ಒಂದರಂತೆ ಆದೇಶ ಹೊರಡಿಸುತ್ತಾ ಹೋಗುವುದು ಅಧಿಕಾರದ ದುರುಪಯೋಗ, ನ್ಯಾಯವಾದ ಅಭಿಪ್ರಾಯವನ್ನು ಅಡಗಿಸಲು 144 ಬಳಸುವಂತಿಲ್ಲ.

ಪಂಪ್‌ಸೆಟ್ ಪ್ರಶ್ನೆ. 163ರಲ್ಲಿ ಜಪ್ತಿ ಮಾಡುವ ಅಧಿಕಾರ ಇಲ್ಲ. "ಇಂಥದ್ದು ಮಾಡಬೇಡ", "ನಿನ್ನ ಸ್ವಾಧೀನದ ಸ್ವತ್ತಿನ ಬಗ್ಗೆ ಹೀಗೆ ಮಾಡು" ಎಂದು ನಿರ್ದೇಶಿಸುವ ಅಧಿಕಾರ ಅಷ್ಟೇ. ನಾಲೆ ನೀರಿನ ಕಳ್ಳತನಕ್ಕೆ 1965ರ ಕರ್ನಾಟಕ ನೀರಾವರಿ ಕಾಯ್ದೆ ಇದೆ, ಕೇಸು ಅದರಡಿ ಹಾಕಲಿ. ಪೊಲೀಸರು ಅಪರಾಧಕ್ಕೆ ಸಂಬಂಧಪಟ್ಟ ವಸ್ತು ಎಂದು ಪಂಪ್ ಎತ್ತಿದರೆ ಅದು ಬಿಎನ್‌ಎಸ್‌ಎಸ್ 106ರ ಜಪ್ತಿ. ಪಂಚನಾಮೆ ಆಗಬೇಕು, ನ್ಯಾಯಿಕ ಮ್ಯಾಜಿಸ್ಟ್ರೇಟರಿಗೆ ತಕ್ಷಣ ವರದಿ ಹೋಗಬೇಕು, 105ರ ಪ್ರಕಾರ ಜಪ್ತಿಯ ವಿಡಿಯೊ ಚಿತ್ರೀಕರಣ ಆಗಬೇಕು. ಬಿಡಿಸಿಕೊಳ್ಳಲು 497 ಅಥವಾ 503ರಡಿ ಅರ್ಜಿ ಹಾಕಿ. ಮೋಟರಿನ ಬಿಲ್, ಅಶ್ವಶಕ್ತಿ, ಕಂಪನಿಯ ಸೀರಿಯಲ್ ನಂಬರ್ ಅರ್ಜಿಯಲ್ಲಿರಲಿ. ಪಂಚನಾಮೆಯಲ್ಲಿ "ಒಂದು ಹಳೆಯ ಮೋಟರ್" ಎಂದಷ್ಟೇ ಬರೆಸಿಕೊಂಡರೆ ಆಮೇಲೆ ನಿಮ್ಮದೆಂದು ಗುರುತಿಸುವುದೇ ಕಷ್ಟ.

ಬೆಸ್ಕಾಂ ಲೈನ್ ತಿಳಿದವರು, ಹರಿಹರ

ನಾಲೆ ದಂಡೆ ಪಂಪ್ ನಿಲ್ಲಿಸಾಕೆ ಕರೆಂಟ್ ತೆಗೆಯೋದು ಇನ್ನೊಂದು ದಾರಿ. ಅಲ್ಲೂ ಅಳತೆ ಬೇಕು. ಊರ ಮನೆಗಳ ನಿರಂತರ ಜ್ಯೋತಿ ಫೀಡರ್ ಬೇರೆ, ನೀರಾವರಿ ಪಂಪಿನ ಐಪಿ ಸೆಟ್ ಫೀಡರ್ ಬೇರೆ ಆಗಿರೋ ಊರಲ್ಲಿ ಐಪಿ ಫೀಡರ್ ಒಂದನ್ನೇ ನಿಲ್ಲಿಸಬಹುದು. ಬೇರೆ ಆಗದಿರೋ ಕಡೆ ಇಡೀ ಫೀಡರ್ ತೆಗೆದ್ರೆ ಮನೆ, ಹಿಟ್ಟಿನ ಗಿರಣಿ, ಪಂಚಾಯಿತಿ ಕುಡಿಯೋ ನೀರಿನ ಬೋರ್ ಎಲ್ಲಾ ನಿಲ್ತಾವೆ. ಡೀಸೆಲ್ ಪಂಪ್ ಇಟ್ಟೋನು ಮಾತ್ರ ನೀರು ಎಳೀತಾನೆ. ಹಂಗಾಗಿ ಆದೇಶದಾಗೆ ಫೀಡರ್ ಹೆಸರು, ಟ್ರಾನ್ಸ್‌ಫಾರ್ಮರ್ ನಂಬರ್, ಯಾವ ಗಂಟೆಯಿಂದ ಯಾವ ಗಂಟೆ ಅಂತ ಬರೀಬೇಕು. "ನಾಲಾ ವ್ಯಾಪ್ತಿಯ ವಿದ್ಯುತ್ ಕಡಿತ" ಅಂತ ಒಂದೇ ಸಾಲು ಇದ್ರೆ ಏನೂ ತಪ್ಪು ಮಾಡದೋರಿಗೂ ಶಿಕ್ಷೆ ಆದಂಗೆ.

ವಕೀಲೆ, ಪಿ.ಜೆ. ಬಡಾವಣೆ

ಅತಿ ಕಡಿಮೆ ನಿರ್ಬಂಧದ ದಾರಿ ಎಂದು ಕೋರ್ಟು ಹೇಳುವುದು ಇದನ್ನೇ. ಅಣ್ಣ, ಆ ಫೀಡರ್ ಲೆಕ್ಕವನ್ನೇ ಅರ್ಜಿಗೆ ಲಗತ್ತಿಸಿದರೆ ಹತ್ತು ತೀರ್ಪು ಉಲ್ಲೇಖಿಸುವುದಕ್ಕಿಂತ ಹೆಚ್ಚು ಕೆಲಸವಾಗುತ್ತದೆ.

ಜೆರಾಕ್ಸ್ ಅಂಗಡಿ, ಚಿತ್ರದುರ್ಗ

ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಬಂದರೆ ಕೇಂದ್ರದ ಸುತ್ತ 200 ಮೀಟರ್ ನಿಷೇಧಾಜ್ಞೆ, ಜೆರಾಕ್ಸ್ ಬಂದ್. ಇದು ನಡೆಯುತ್ತಾ?

ನಿವೃತ್ತ ಶಿರಸ್ತೇದಾರ, ದಾವಣಗೆರೆ

ನಡೆಯುತ್ತೆ, ಉದ್ದೇಶವೂ ಸರಿಯಾದದ್ದೇ. ಆದೇಶದಲ್ಲಿ ಪರೀಕ್ಷೆ ನಡೆಯೋ ದಿನಾಂಕ, ಗಂಟೆ ಎರಡೂ ಇರುತ್ತೆ, ಅದನ್ನೇ ನೋಡಿ. ಪರೀಕ್ಷೆ ಮಧ್ಯಾಹ್ನ ಮುಗಿದ ಮೇಲೆ ಸಂಜೆ ಅಂಗಡಿ ತೆಗೆಯೋದಕ್ಕೆ ಅಡ್ಡಿ ಇಲ್ಲ. ಪತ್ರಿಕೆ ಇಲ್ಲದ ದಿನವೂ ಮುಚ್ಚಿಸಿದರೆ ಆದೇಶ ತೋರಿಸಿ ಅನ್ನಿ. 200 ಮೀಟರ್ ಎಲ್ಲಿಂದ, ಗೇಟಿನಿಂದಲೋ ಕಾಂಪೌಂಡಿನಿಂದಲೋ ಅನ್ನೋದು ಆದೇಶದಲ್ಲಿ ಇಲ್ಲದಿದ್ದರೆ ಕೇಂದ್ರದ ಮುಖ್ಯ ಅಧೀಕ್ಷಕರ ಹತ್ತಿರ ಮೊದಲೇ ಬರಹದಲ್ಲಿ ಕೇಳಿಟ್ಟುಕೊಳ್ಳಿ.

ದುರ್ಗದ ಓದುಗ

ಗಣಪತಿ ಮೆರವಣಿಗೆ ಹೊತ್ತಿಗೆ ಡಿಜೆ ನಿಷೇಧಕ್ಕೂ ಇದೇ ಸೆಕ್ಷನ್ ಹಚ್ಚುತ್ತಾರೆ. ಆದರೆ ಶಬ್ದಕ್ಕೆ 2000ದ ಶಬ್ದ ಮಾಲಿನ್ಯ ನಿಯಮಗಳೇ ಇವೆ: ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ, ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್. ಮಾಮೂಲಿ ಕಾನೂನು ಸಾಕಾಗುವ ಕಡೆ ತುರ್ತು ಅಧಿಕಾರ ಯಾಕೆ? ಹಬ್ಬದ ದಿನಾಂಕ ಪಂಚಾಂಗದಲ್ಲಿ ವರ್ಷ ಮೊದಲೇ ಇರುತ್ತೆ. ಅದರಲ್ಲಿ ತುರ್ತು ಎಲ್ಲಿಂದ ಬಂತು?

ಇದಕ್ಕಿಂತ ನನಗೆ ಆತಂಕ ತರುವುದು ಹಬ್ಬಕ್ಕೆ ಮುಂಚೆ ನಡೆಯುವ ಮುಂಜಾಗ್ರತಾ ಕ್ರಮಗಳು. ಅದರ ಬಗ್ಗೆ ಯಾರಾದರೂ ವಿವರವಾಗಿ ಬರೆಯಿರಿ. ರೌಡಿ ಪಟ್ಟಿಯಲ್ಲಿ ಹಳೇ ಹೆಸರು ಇದ್ದವರನ್ನೆಲ್ಲ ತಹಶೀಲ್ದಾರರ ಮುಂದೆ ನಿಲ್ಲಿಸಿ ಬಾಂಡ್ ಬರೆಸಿಕೊಳ್ಳುವ ವಿಷಯ.

ವಕೀಲೆ, ಪಿ.ಜೆ. ಬಡಾವಣೆ

ಇದನ್ನು ವಿವರವಾಗಿಯೇ ಬರೆಯುತ್ತೇನೆ. ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿ, ಕಡಿಮೆ ಪ್ರಶ್ನೆ ಬರುವುದೂ ಇಲ್ಲಿ.

ಹಳೇ 107 ಈಗ 126. ಶಾಂತಿ ಭಂಗದ ಸಂಭವ ಇದೆ ಎಂಬ ಮಾಹಿತಿ ಮೇಲೆ ಕಾರ್ಯನಿರ್ವಾಹಕ ದಂಡಾಧಿಕಾರಿ ಬಾಂಡ್ ಕೇಳಬಹುದು, ಗರಿಷ್ಠ 1 ವರ್ಷಕ್ಕೆ. ಅದಕ್ಕೆ ಮೊದಲು 130ರ ಲಿಖಿತ ಆದೇಶ ಆಗಬೇಕು. ಬಂದ ಮಾಹಿತಿಯ ಸಾರಾಂಶ, ಬಾಂಡಿನ ಮೊತ್ತ, ಅವಧಿ, ಜಾಮೀನುದಾರರು ಎಷ್ಟು ಮಂದಿ, ಎಂಥವರು ಎಂಬುದು ಅದರಲ್ಲಿರಬೇಕು. ಅಚ್ಚಾದ ನಮೂನೆಯಲ್ಲಿ ಹೆಸರು ತುಂಬಿ "ನೀವು ಶಾಂತಿ ಭಂಗ ಮಾಡುವ ಸಂಭವವಿದೆ" ಎಂದಷ್ಟೇ ಇದ್ದರೆ ಅದು ಸಾರಾಂಶವಲ್ಲ. ಯಾವ ದಿನ, ಯಾವ ಜಾಗ, ಯಾವ ನಡತೆಯಿಂದ ಈ ಸಂಭವ ಕಂಡಿತು ಎಂಬುದು ಬೇಕು. ಹತ್ತು ವರ್ಷ ಹಳೆಯ, ಖುಲಾಸೆಯಾದ ಕೇಸಿನ ನಂಬರ್ ಬರೆದರೆ ಇಂದಿನ ಸಂಭವಕ್ಕೆ ಅದು ಆಧಾರವಾಗುವುದಿಲ್ಲ.

ವಿಚಾರಣೆ ಶುರುವಾಗುವ ಮೊದಲೇ ಮಧ್ಯಂತರ ಬಾಂಡ್ ಬರೆಸಿಕೊಳ್ಳುವುದು ಬಹಳ ಸಾಮಾನ್ಯ ತಪ್ಪು. 135(3)ರ ಮಧ್ಯಂತರ ಬಾಂಡ್ ವಿಚಾರಣೆ ಆರಂಭವಾದ ಮೇಲೆ ಮಾತ್ರ. 1970ರಲ್ಲೇ ಮಧು ಲಿಮಯೆ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠದ ಮುಂದೆ ಇದು ಇತ್ಯರ್ಥವಾಗಿದೆ. ಅದೇ ತೀರ್ಪು 107 ಮತ್ತು 144ರ ಸಿಂಧುತ್ವವನ್ನು ಎತ್ತಿಹಿಡಿದಿದ್ದೂ ಹೌದು. ಎತ್ತಿಹಿಡಿಯಲು ಕೊಟ್ಟ ಕಾರಣ, ಈ ಸೆಕ್ಷನ್‌ಗಳ ಒಳಗೇ ರಕ್ಷಣೆಗಳಿವೆ ಎಂಬುದು. ಹಾಗಿದ್ದ ಮೇಲೆ ಆ ರಕ್ಷಣೆಗಳನ್ನು ಬಿಟ್ಟು ನಡೆಸಿದ ಕ್ರಮಕ್ಕೆ ಆ ತೀರ್ಪಿನ ಬೆಂಬಲ ಸಿಗುವುದಿಲ್ಲ.

170, ಅಂದರೆ ಹಳೇ 151, ಮುಂಜಾಗ್ರತಾ ಬಂಧನ. ಸಂಜ್ಞೇಯ ಅಪರಾಧ (ವಾರಂಟ್ ಇಲ್ಲದೆ ಬಂಧಿಸಬಹುದಾದದ್ದು) ಮಾಡುವ ಸಂಚು ಪೊಲೀಸರಿಗೆ ತಿಳಿದಿರಬೇಕು, ಬಂಧಿಸದೆ ತಡೆಯಲು ಬೇರೆ ದಾರಿ ಇರಬಾರದು. 24 ಗಂಟೆಗೆ ಮುಗಿಯಬೇಕು. ಬಂಧನದ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, ಸೆಕ್ಷನ್ 47 ಮತ್ತು 48. "ಠಾಣೆಗೆ ಬಂದು ಕೂತಿರು, ಹಬ್ಬ ಮುಗಿಯಲಿ" ಎನ್ನುವುದಕ್ಕೆ ಕಾನೂನಿನಲ್ಲಿ ಜಾಗವಿಲ್ಲ. ಆ ಕೂರಿಸಿದ ಹೊತ್ತೂ ಬಂಧನವೇ. ಠಾಣೆಗೆ ಕರೆದೊಯ್ದ ಗಂಟೆಯನ್ನು ಮನೆಯವರು ಬರೆದಿಟ್ಟುಕೊಂಡು ಎಸ್‌ಪಿ ಕಚೇರಿಗೆ ಇಮೇಲ್ ಮಾಡಿದರೆ ಆಮೇಲೆ ಗಂಟೆಯ ಲೆಕ್ಕಕ್ಕೆ ಅದೊಂದೇ ಸಾಕ್ಷಿಯಾಗುವುದುಂಟು.

ಗೂಂಡಾ ಕಾಯ್ದೆ ಇನ್ನೂ ಕಠಿಣ. 1985ರ ಕರ್ನಾಟಕ ಕಾಯ್ದೆ. ಅದರಲ್ಲಿ ದಿನದ ಲೆಕ್ಕವೇ ಪ್ರಾಣ: ಬಂಧನದ ಆಧಾರಗಳನ್ನು 5 ದಿನದೊಳಗೆ ಕೊಡಬೇಕು, ಡಿಸಿ ಆದೇಶಕ್ಕೆ ಸರ್ಕಾರ 12 ದಿನದೊಳಗೆ ಅನುಮೋದನೆ ಕೊಡಬೇಕು, 3 ವಾರದೊಳಗೆ ಸಲಹಾ ಮಂಡಳಿ ಮುಂದಿಡಬೇಕು, ಮಂಡಳಿ 7 ವಾರದೊಳಗೆ ವರದಿ ಕೊಡಬೇಕು. ಗರಿಷ್ಠ 12 ತಿಂಗಳು. ಒಂದು ಗಡುವು ತಪ್ಪಿದರೂ ಹೇಬಿಯಸ್ ಕಾರ್ಪಸ್ ಅರ್ಜಿಗೆ, ಅಂದರೆ ಅಕ್ರಮ ಬಂಧನದಿಂದ ಬಿಡಿಸಿ ಎಂದು ಕೋರ್ಟಿಗೆ ಹಾಕುವ ಅರ್ಜಿಗೆ, ಬಲ ಬರುತ್ತದೆ. ಬಂಧಿತನಿಗೆ ಗೊತ್ತಿರುವ ಭಾಷೆಯಲ್ಲಿ ಆಧಾರಗಳನ್ನು ಕೊಡಬೇಕು. 1962ರ ಹರಿಕಿಸನ್ ಪ್ರಕರಣದಲ್ಲಿ ಇಂಗ್ಲಿಷ್ ಬಾರದವನಿಗೆ ಇಂಗ್ಲಿಷ್ ಕಾಗದ ಕೊಟ್ಟು ಬಾಯಲ್ಲಿ ಅನುವಾದ ಹೇಳಿದ್ದು ಸಾಲದು ಎಂದು ಬಂಧನವನ್ನೇ ರದ್ದು ಮಾಡಿದರು. ಮೊಳಕಾಲ್ಮುರು ಗಡಿಯಲ್ಲಿ ತೆಲುಗು ಮಾತ್ರ ಓದಬಲ್ಲವರಿದ್ದಾರೆ, ಅವರಿಗೆ ತೆಲುಗು ಪ್ರತಿ ಬೇಕು.

ಡಿಸಿ ಆದೇಶದಲ್ಲಿ "ಕಾನೂನು ಸುವ್ಯವಸ್ಥೆ" ಮತ್ತು "ಸಾರ್ವಜನಿಕ ಸುವ್ಯವಸ್ಥೆ" ಎಂಬ ಪದಗಳನ್ನು ಬೇರೆಬೇರೆಯಾಗಿ ಓದಿ. ರಾಮ್ ಮನೋಹರ್ ಲೋಹಿಯಾ ಪ್ರಕರಣದಲ್ಲಿ ಮೂರು ವೃತ್ತಗಳ ಲೆಕ್ಕ ಕೊಟ್ಟಿದ್ದಾರೆ. ದೊಡ್ಡ ವೃತ್ತ ಕಾನೂನು ಸುವ್ಯವಸ್ಥೆ, ಅದರೊಳಗೆ ಸಾರ್ವಜನಿಕ ಸುವ್ಯವಸ್ಥೆ, ಅದರೊಳಗೆ ರಾಜ್ಯದ ಭದ್ರತೆ. ಇಬ್ಬರ ನಡುವಿನ ಜಗಳ ದೊಡ್ಡ ವೃತ್ತದಲ್ಲಿ ಮಾತ್ರ ಬರುತ್ತದೆ. ಅದಕ್ಕೆ ಮುಂಜಾಗ್ರತಾ ಬಂಧನ ಹಚ್ಚುವಂತಿಲ್ಲ.

ರಾಜ್ಯಶಾಸ್ತ್ರದ ಮೇಷ್ಟ್ರು, ಹೊಳಲ್ಕೆರೆ

ಇಷ್ಟೂ ಓದಿದ ಮೇಲೆ ನನಗೆ ಹೇಳಬೇಕೆನಿಸಿದ್ದು ಇದು. ದೇಶದ ಅತಿ ದೊಡ್ಡ ತುರ್ತು ಅಧಿಕಾರಕ್ಕೆ 1978ರಲ್ಲಿ ಬೀಗದ ಮೇಲೆ ಬೀಗ ಹಾಕಿದ್ದೇವೆ. ದಿನನಿತ್ಯ ಬಳಕೆಯಾಗುವ ಸಣ್ಣ ತುರ್ತು ಅಧಿಕಾರಕ್ಕೆ ಅಷ್ಟು ಬೀಗಗಳಿಲ್ಲ.

ಹೋಲಿಸಿ ನೋಡಿ. 1975ರ ಜೂನ್ 25ರಂದು "ಆಂತರಿಕ ಕ್ಷೋಭೆ" ಎಂಬ ಸಡಿಲ ಪದದ ಮೇಲೆ ತುರ್ತು ಪರಿಸ್ಥಿತಿ ಘೋಷಣೆಯಾಯಿತು. 1976ರ ಏಪ್ರಿಲ್ 28ರ ಜಬಲ್ಪುರ ಪ್ರಕರಣದಲ್ಲಿ ಹೇಬಿಯಸ್ ಕಾರ್ಪಸ್ ಬಾಗಿಲನ್ನೂ ಕೋರ್ಟು ಮುಚ್ಚಿತು, ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಆ ಪಾಠದಿಂದ 44ನೇ ತಿದ್ದುಪಡಿ ಬಂತು. ಈಗ ತುರ್ತು ಪರಿಸ್ಥಿತಿಯ 352ನೇ ವಿಧಿಗೆ, ಯುದ್ಧ ಅಥವಾ ಹೊರಗಿನ ಆಕ್ರಮಣ ಇಲ್ಲದಿದ್ದರೆ, "ಸಶಸ್ತ್ರ ಬಂಡಾಯ" ಬೇಕು, ಸಂಪುಟದ ಲಿಖಿತ ಸಲಹೆ ಬೇಕು, 1 ತಿಂಗಳೊಳಗೆ ಎರಡೂ ಸದನಗಳ ವಿಶೇಷ ಬಹುಮತ ಬೇಕು, ಪ್ರತಿ 6 ತಿಂಗಳಿಗೆ ಮತ್ತೆ ಒಪ್ಪಿಗೆ ಬೇಕು. ಲೋಕಸಭೆಯ ಹತ್ತನೇ ಒಂದು ಭಾಗ ಸದಸ್ಯರು ಬರೆದು ಕೊಟ್ಟರೆ 14 ದಿನದೊಳಗೆ ವಿಶೇಷ ಅಧಿವೇಶನ ಸೇರಬೇಕು. 20 ಮತ್ತು 21ನೇ ವಿಧಿಗಳನ್ನು ಯಾವ ತುರ್ತಿನಲ್ಲೂ ಅಮಾನತು ಮಾಡುವಂತಿಲ್ಲ. ಜಬಲ್ಪುರ ತೀರ್ಪನ್ನು 2017ರ ಆಗಸ್ಟ್ 24ರಂದು ಪುಟ್ಟಸ್ವಾಮಿ ಪ್ರಕರಣದಲ್ಲಿ ತಳ್ಳಿಹಾಕಲಾಯಿತು. ಆ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು. ರಾಷ್ಟ್ರಪತಿ ಆಳ್ವಿಕೆಯ 356ನೇ ವಿಧಿಗೆ ಕಡಿವಾಣ ಬಿದ್ದದ್ದೂ ಕರ್ನಾಟಕದಿಂದಲೇ, 1994ರ ಎಸ್.ಆರ್. ಬೊಮ್ಮಾಯಿ ತೀರ್ಪಿನಲ್ಲಿ. ಬಹುಮತ ಪರೀಕ್ಷೆಗೆ ರಾಜಭವನವಲ್ಲ, ಸದನವೇ ಜಾಗ ಎಂದು ಹೇಳಿದ್ದು ಅಲ್ಲಿ.

ಇತ್ತ 163ನ್ನು ನೋಡಿ. ನೊಂದವರು ಅರ್ಜಿ ಕೊಟ್ಟರೆ "ಶೀಘ್ರ ಅವಕಾಶ" ಕೊಡಬೇಕು ಎಂದಿದೆ, ಎಷ್ಟು ದಿನದಲ್ಲಿ ಎಂದಿಲ್ಲ. ಆದೇಶ ಯಾವ ಶಾಸನಸಭೆಯ ಮುಂದೂ ಹೋಗುವುದಿಲ್ಲ. ಒಂದು ವರ್ಷದಲ್ಲಿ ಒಂದು ಜಿಲ್ಲೆಯಲ್ಲಿ ಎಷ್ಟು ಆದೇಶ ಬಂದವು ಎಂಬ ಲೆಕ್ಕವನ್ನು ಸದನದ ಮುಂದಿಡಬೇಕೆಂಬ ಕಟ್ಟಳೆಯೂ ಆ ಸೆಕ್ಷನ್ನಿನಲ್ಲಿಲ್ಲ. ನನ್ನ ಬೇಡಿಕೆ ಇಷ್ಟೇ: ಅರ್ಜಿ ಕೇಳಲು 3 ದಿನದ ಗಡುವು, ಆದೇಶ ಹೊರಟ ದಿನವೇ ಜಿಲ್ಲಾ ಜಾಲತಾಣದಲ್ಲಿ ಪೂರ್ಣ ಪ್ರತಿ, ವರ್ಷಕ್ಕೊಮ್ಮೆ ವಿಧಾನಮಂಡಲಕ್ಕೆ ಪಟ್ಟಿ.

ನಿವೃತ್ತ ಶಿರಸ್ತೇದಾರ, ದಾವಣಗೆರೆ

ಮೇಷ್ಟ್ರೇ, ಪಟ್ಟಿ, ಜಾಲತಾಣ ಎರಡೂ ಒಪ್ಪಿದೆ. 3 ದಿನ ಕಷ್ಟ. ಚುನಾವಣೆ, ನೆರೆ, ಜಾತ್ರೆ ಹೊತ್ತಲ್ಲಿ ಡಿಸಿ ಊರಲ್ಲೇ ಇರಲ್ಲ. 7 ದಿನ ಅಂದರೆ ನಡೆಸಬಹುದು.

ರಾಜ್ಯಶಾಸ್ತ್ರದ ಮೇಷ್ಟ್ರು, ಹೊಳಲ್ಕೆರೆ

10 ದಿನದ ಆದೇಶಕ್ಕೆ 7 ದಿನ ಕಾದರೆ ಉಳಿಯುವುದು 3 ದಿನ. ಗಡುವನ್ನು ಆದೇಶದ ಅವಧಿಗೆ ತಕ್ಕಂತೆ ಇಡಬೇಕು. ಇದನ್ನು ಬಿಡಲು ನನಗೆ ಮನಸ್ಸಿಲ್ಲ.

ಚಳ್ಳಕೆರೆ, ಲಾರಿ ಮಾಲೀಕ

ನೆರೆ ಬಂದಾಗ, ಕೋವಿಡ್ ಬಂದಾಗ ಗಾಡಿ ವಶಕ್ಕೆ ತಗಂತಾರಲ್ಲ, ಅದಕ್ಕೆ ಏನು ಮಿತಿ?

ನಿವೃತ್ತ ಶಿರಸ್ತೇದಾರ, ದಾವಣಗೆರೆ

2005ರ ವಿಪತ್ತು ನಿರ್ವಹಣಾ ಕಾಯ್ದೆ, ಸೆಕ್ಷನ್ 65. ಲಿಖಿತ ಆದೇಶ ಬೇಕು. ಸೆಕ್ಷನ್ 66ರ ಪ್ರಕಾರ ಪರಿಹಾರ ಹಕ್ಕು: ಗಾಡಿಗೆ ಆ ಊರಲ್ಲಿ ನಡೆಯೋ ಬಾಡಿಗೆ ದರದ ಆಧಾರದ ಮೇಲೆ, ಕಲ್ಯಾಣ ಮಂಟಪ, ಗೋದಾಮಿನಂಥ ಕಟ್ಟಡಕ್ಕೆ ಅದೇ ಪ್ರದೇಶದ ಬಾಡಿಗೆ ನೋಡಿ. ಕಟ್ಟಡದ ಮೊತ್ತ ಕಡಿಮೆ ಆಯ್ತು ಅನಿಸಿದರೆ 30 ದಿನದೊಳಗೆ ಮಧ್ಯಸ್ಥಗಾರರಿಗೆ ಒಪ್ಪಿಸಿ ಅಂತ ಸರ್ಕಾರಕ್ಕೆ ಅರ್ಜಿ ಹಾಕಬೇಕು. ಗಾಡಿ ಕೊಡೋ ದಿನ ಮೀಟರ್ ಕಿಲೋಮೀಟರ್, ಡೀಸೆಲ್ ಎಷ್ಟಿದೆ, ಟೈರ್ ಸ್ಥಿತಿ ಬರೆದು ಪಡೆದುಕೊಂಡ ಅಧಿಕಾರಿಯ ಸಹಿ ಹಾಕಿಸಿಕೊಳ್ಳಿ. ಬಿಲ್ ನಿಲ್ಲೋದು ಈ ಒಂದು ಹಾಳೆ ಇಲ್ಲದೆ.

ಹಳೇ ಮಿಲ್ ಕಾರ್ಮಿಕ, ದಾವಣಗೆರೆ

ಗಿರಣಿ ಊರಿನವರಿಗೆ ಇನ್ನೊಂದು ತೀರ್ಪು ನೆನಪಿರಲಿ. 2020ರಲ್ಲಿ ಗುಜರಾತ್ ಸರ್ಕಾರ ಕಾರ್ಖಾನೆ ಕಾಯ್ದೆಯ ಸೆಕ್ಷನ್ 5ರ "ಸಾರ್ವಜನಿಕ ತುರ್ತು" ಅನ್ನೋ ಮಾತು ಹಿಡಿದು ಕೆಲಸದ ಗಂಟೆ ಹೆಚ್ಚಿಸಿ ಓವರ್‌ಟೈಮ್ ದುಪ್ಪಟ್ಟು ಕೂಲಿ ತೆಗೆದಿತ್ತು. ಅದೇ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ರದ್ದು ಮಾಡ್ತು. ಆ ಸೆಕ್ಷನ್ನಿನ ಅರ್ಥದಲ್ಲಿ ಕೋವಿಡ್ ಆರ್ಥಿಕ ಕುಸಿತ ದೇಶದ ಭದ್ರತೆಗೆ ಬಂದ ಕುತ್ತಲ್ಲ ಅಂದ್ರು. ನಮ್ಮ ರಾಜ್ಯದ ದಿನಕ್ಕೆ 10 ಗಂಟೆ ಅಧಿಸೂಚನೆ ಅದಕ್ಕೂ ಮೊದಲೇ, 2020ರ ಜೂನ್‌ನಲ್ಲಿ ವಾಪಸಾಯ್ತು.

ದುರ್ಗದ ಓದುಗ

ಇಂಟರ್ನೆಟ್ ಬಂದ್ ಮಾಡುವುದು ಡಿಸಿ ಕೈಯಲ್ಲಿದೆಯೇ?

ವಕೀಲೆ, ಪಿ.ಜೆ. ಬಡಾವಣೆ

ಇಲ್ಲ. 2024ರ ನವೆಂಬರ್‌ನ ದೂರಸಂಪರ್ಕ ಸೇವೆಗಳ ತಾತ್ಕಾಲಿಕ ಅಮಾನತು ನಿಯಮಗಳ ಪ್ರಕಾರ ರಾಜ್ಯದಲ್ಲಿ ಗೃಹ ಇಲಾಖೆಯ ಕಾರ್ಯದರ್ಶಿಗೆ ಮಾತ್ರ ಆ ಅಧಿಕಾರ. ಅನಿವಾರ್ಯ ಸಂದರ್ಭದಲ್ಲಿ ಮೊದಲೇ ಅಧಿಕಾರ ಪಡೆದ ಜಂಟಿ ಕಾರ್ಯದರ್ಶಿ ದರ್ಜೆಗಿಂತ ಕೆಳಗಿಲ್ಲದ ಅಧಿಕಾರಿ ಹೊರಡಿಸಬಹುದು. ಆದರೆ 24 ಗಂಟೆಯೊಳಗೆ ದೃಢೀಕರಣ ಆಗದಿದ್ದರೆ ಅದು ಬಿದ್ದುಹೋಗುತ್ತದೆ. 15 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಕಾರಣ, ಪ್ರದೇಶ, ಅವಧಿ ಬರೆದು ಪ್ರಕಟಿಸಬೇಕು, ಪರಿಶೀಲನಾ ಸಮಿತಿ 5 ದಿನದೊಳಗೆ ನೋಡಬೇಕು.

ಕೊನೇ ಭಾಗದ ರೈತ, ಮಲೆಬೆನ್ನೂರು ಕಡೆ

ಬಹಳ ಉಪಕಾರ ಆತು. ಇನ್ನೆರಡು ಕೇಳಿಬಿಡ್ತೀನಿ. ನಿಷೇಧಾಜ್ಞೆ ಮೀರಿದ ಅಂತ ಕೇಸ್ ಹಾಕಿದ್ರೆ ಏನು? ಮತ್ತೆ ಆದೇಶ ಬದಲಿಸಿ ಅಂತ ಅರ್ಜಿ ಹೆಂಗೆ ಬರೀಬೇಕು? ಬೆಂಗಳೂರಿಗೇ ಹೋಗಬೇಕಾ?

ವಕೀಲೆ, ಪಿ.ಜೆ. ಬಡಾವಣೆ

ಹಳೇ ಐಪಿಸಿ 188 ಈಗ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) 223. 6 ತಿಂಗಳ ಸಾದಾ ಸಜೆ ಅಥವಾ ₹2,500 ದಂಡ ಅಥವಾ ಎರಡೂ, ಜೀವಕ್ಕೆ ಅಪಾಯ ತಂದರೆ 1 ವರ್ಷ ಅಥವಾ ₹5,000 ಅಥವಾ ಎರಡೂ. ಆದೇಶ ಇತ್ತೆಂದು ನಿಮಗೆ ಗೊತ್ತಿತ್ತು, ನಿಮ್ಮ ನಡೆಯಿಂದ ಅಡ್ಡಿಯೋ ಅಪಾಯವೋ ಆಯಿತು ಅಥವಾ ಆಗುವಂತಿತ್ತು ಎಂದು ತೋರಿಸಬೇಕು. ಬರೀ ಮೀರಿದ್ದು ಸಾಲದು. ಪ್ರಚಾರ ಸರಿಯಾಗಿ ಆಗಿರಬೇಕು ಎಂದು ಶಿರಸ್ತೇದಾರರು ಒತ್ತಿ ಹೇಳಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಇನ್ನೊಂದು ದೊಡ್ಡ ಅಂಶ: ಬಿಎನ್‌ಎಸ್‌ಎಸ್ 215ರ ಪ್ರಕಾರ ಆದೇಶ ಹೊರಡಿಸಿದ ಅಧಿಕಾರಿ ಅಥವಾ ಅವರ ಮೇಲಧಿಕಾರಿಯ ಲಿಖಿತ ದೂರಿಲ್ಲದೆ ಕೋರ್ಟು ಇದನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಠಾಣೆಯವರು ಎಫ್‌ಐಆರ್ ಹಾಕಿ ಚಾರ್ಜ್‌ಶೀಟ್ ಕೊಟ್ಟರೆ ಅಷ್ಟರಿಂದ ಆಗುವುದಿಲ್ಲ. 2010ರ ಮುನಿಯಪ್ಪನ್ ತೀರ್ಪು ನೋಡಿ. ಮೊದಲ ದಿನವೇ ತಪ್ಪೊಪ್ಪಿ ದಂಡ ಕಟ್ಟಿಬಿಡುವ ಮೊದಲು ದೂರಿನ ಪ್ರತಿ ಇದೆಯೇ ಎಂದು ವಕೀಲರಿಂದ ನೋಡಿಸಿ.

ಅರ್ಜಿ ಕೊಡಬೇಕಾದ್ದು ಆದೇಶ ಹೊರಡಿಸಿದವರಿಗೇ, 163(5)ರಡಿ. ಸರ್ಕಾರಕ್ಕೂ 163(6)ರಡಿ ಕೊಡಬಹುದು. ತಿರಸ್ಕರಿಸಿದರೆ ಕಾರಣ ಬರಹದಲ್ಲಿರಬೇಕು. ಆಮೇಲೆ ಬಿಎನ್‌ಎಸ್‌ಎಸ್ 438ರಡಿ ಇಲ್ಲಿನ ಸೆಷನ್ಸ್ ನ್ಯಾಯಾಲಯದಲ್ಲೇ ರಿವಿಷನ್ ಹಾಕಬಹುದು. ಮೂಲಭೂತ ಹಕ್ಕಿನ ಪ್ರಶ್ನೆಯಾದರೆ 226ನೇ ವಿಧಿಯಡಿ ಹೈಕೋರ್ಟಿನ ಬೆಂಗಳೂರು ಪೀಠ. ಹರಪನಹಳ್ಳಿಯವರು ಓದುತ್ತಿದ್ದರೆ ಗಮನಿಸಿ, ತಾಲ್ಲೂಕು ಈಗ ವಿಜಯನಗರ ಜಿಲ್ಲೆಯಲ್ಲಿದೆ, ನಿಮಗೆ ಧಾರವಾಡ ಪೀಠ. ಹೆಂಗಸರು, ಪರಿಶಿಷ್ಟರು, ಬಂಧನದಲ್ಲಿರುವವರಿಗೆ ಆದಾಯ ನೋಡದೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100.

ಅರ್ಜಿಯ ಒಕ್ಕಣೆ ಇಷ್ಟಿದ್ದರೆ ಸಾಕು:

"ಗೆ, ಜಿಲ್ಲಾ ದಂಡಾಧಿಕಾರಿಗಳು, ದಾವಣಗೆರೆ. ವಿಷಯ: ಆದೇಶ ಸಂಖ್ಯೆ ……, ದಿನಾಂಕ …… ಅನ್ನು ಬಿಎನ್‌ಎಸ್‌ಎಸ್ 163(5)ರಡಿ ಮಾರ್ಪಡಿಸುವ ಬಗ್ಗೆ. ನಾನು …… ಗ್ರಾಮದ ಸರ್ವೆ ನಂ. …… ರ ಅಚ್ಚುಕಟ್ಟುದಾರ. ಸದರಿ ಆದೇಶದ ಕಂಡಿಕೆ …… ರಂತೆ ನಾಲೆ ದಂಡೆಯಲ್ಲಿ ಐದಕ್ಕಿಂತ ಹೆಚ್ಚು ಜನ ಸೇರುವುದನ್ನು ನಿಷೇಧಿಸಲಾಗಿದೆ. ಅಕ್ರಮ ಪಂಪ್ ತಡೆಯುವ ಉದ್ದೇಶಕ್ಕೆ ನೀರು ಬಳಕೆದಾರರ ಸಂಘದ ಸಭೆಯನ್ನು ನಿಷೇಧಿಸುವ ಅಗತ್ಯವಿಲ್ಲ. ಆದ್ದರಿಂದ ಸದರಿ ಕಂಡಿಕೆಯಿಂದ ಸಂಘದ ಸಭೆಗಳನ್ನು ಹೊರತುಪಡಿಸಬೇಕೆಂದೂ, 163(7)ರಂತೆ ಖುದ್ದು ಅಥವಾ ವಕೀಲರ ಮೂಲಕ ಹೇಳಿಕೊಳ್ಳಲು ಅವಕಾಶ ಕೊಡಬೇಕೆಂದೂ, ತಿರಸ್ಕರಿಸಿದಲ್ಲಿ ಕಾರಣಗಳನ್ನು ಲಿಖಿತವಾಗಿ ನೀಡಬೇಕೆಂದೂ ಕೋರುತ್ತೇನೆ."

ನಿವೃತ್ತ ಶಿರಸ್ತೇದಾರ, ದಾವಣಗೆರೆ

ಎರಡು ಸೇರಿಸಿ. ಅರ್ಜಿಯ ಎರಡು ಪ್ರತಿ ಒಯ್ದು ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಆಮೇಲೆ ದಂಡಾಧಿಕಾರ ಕಡತ ನೋಡುವ ಎಂಎಜಿ ಶಾಖೆಯಲ್ಲಿ ಕಡತಕ್ಕೆ ಸೇರಿತಾ ಅಂತ ಕೇಳಿ. ಟಪಾಲಿನಲ್ಲೇ ಉಳಿದರೆ ಆದೇಶದ ಅವಧಿ ಮುಗಿದ ಮೇಲೆ ಹಿಂಬರಹ ಬರುತ್ತೆ.

ಎಸ್‌ಪಿ ವರದಿ ಪ್ರತಿ ಬೇಕಂದರೆ ಮಾಹಿತಿ ಹಕ್ಕು ಅರ್ಜಿ, ₹10 ಪೋಸ್ಟಲ್ ಆರ್ಡರ್, ಒಂದೇ ವಿಷಯ, 150 ಪದ ಮೀರದಂತೆ. ಯಾರಾದರೂ ಬಂಧನದಲ್ಲಿದ್ದರೆ "ಜೀವ ಮತ್ತು ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದು, ಸೆಕ್ಷನ್ 7(1)ರಂತೆ 48 ಗಂಟೆಯೊಳಗೆ ಕೊಡಿ" ಅಂತ ಮೊದಲ ಸಾಲಲ್ಲೇ ಬರೆಯಿರಿ. ಇಲ್ಲದಿದ್ದರೆ ಅದು ಮಾಮೂಲಿ 30 ದಿನದ ಸಾಲಿಗೆ ಹೋಗುತ್ತೆ.

ಕೊನೇ ಭಾಗದ ರೈತ, ಮಲೆಬೆನ್ನೂರು ಕಡೆ

ಆತು ಸರ್. ಒಕ್ಕಣೆ ಬರ್ಕಂಡೆ. ಫೀಡರ್ ನಂಬರ್ ಹರಿಹರದ ಅಣ್ಣನ ಹತ್ರ ಕೇಳಿ ಲಗತ್ತಿಸ್ತೀವಿ.